‘ಬ್ಯಾಡ’ ಅನ್ನಲಾಗದವನು ಸಮುದ್ರಕ್ಕೆ ಹೋದದ್ದು

ತಟ್ಟೆಗೆ ಯಾರಾದರೂ ಬಡಿಸಲು ಬಂದರೆ ನನಗೆ ಬೇಡ ಅನ್ನಲು ಬರುವುದಿಲ್ಲ. ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟವನು ನಾನು. ಗಿರಾಕಿ ರೇಟು ಇಳಿಸು ಎಂದರೆ ಕಣ್ಣು ಮಿಟುಕಿಸದೆ ‘ಆಗಂಗಿಲ್ಲ’ ಅನ್ನಬಲ್ಲೆ. ಅದೇ ಗಿರಾಕಿ ಒಂದು ಚಹಾ ತರಿಸಿದನೋ, ಹೊಟ್ಟೆ ಉರಿಯುತ್ತಿದ್ದರೂ ಕುಡಿದು, ಮೇಲೆ ಹೊಗಳಿಯೂ ಕಳಿಸುತ್ತೇನೆ. ನಮ್ಮ ಕಡೆ ಇದಕ್ಕೆ ಮರ್ಯಾದೆ ಎಂದು ಹೆಸರು. ಮದುವೆಯಾದ ಹೊಸದರಲ್ಲಿ ಕಮಲಾಪುರದ ಅತ್ತೆ ಹಾಗಲಕಾಯಿ ಪಲ್ಯ ಬಡಿಸಿದರು. ಉಸಿರು ಬಿಗಿಹಿಡಿದು ನುಂಗಿ, “ಭಾಳ ಛಲೋ ಆಗ್ಯಾದ್ರಿ” ಎಂದೆ. ಆ ಒಂದು ಮಾತನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಅಳಿಯ ಬರುತ್ತಾನೆಂದರೆ ಓಣಿಯೆಲ್ಲ ತಿರುಗಿಯಾದರೂ ಹಾಗಲಕಾಯಿ ತಂದಿಡುವರು. ಕಮಲಾಪುರವೆಂದರೆ ಎಲ್ಲರಿಗೂ ಕೆಂಪು ಬಾಳೆಹಣ್ಣಿನ ನೆನಪು; ನನಗೆ ಮಾತ್ರ ನಾಲಗೆ ಕಹಿಯಾಗುತ್ತದೆ.

ಇಷ್ಟು ಅನುಭವವಿದ್ದವನು ಮಗಳಿಗೆ ಬೇರೆ ಬುದ್ಧಿ ಹೇಳಬೇಕಿತ್ತು. ಸವಿತಾ ಸೇಡಂ ರಸ್ತೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು. ಅಲ್ಲೇ ಕೆಲಸಕ್ಕಿದ್ದ, ಹೊನ್ನಾವರದ ಕಡೆಯ ಹುಡುಗ ಮಹೇಶನನ್ನು ಮೆಚ್ಚಿ ಮದುವೆಯಾಗಿ ಅವನ ಊರಿಗೆ ಹೋದಳು. ಹೊರಡುವಾಗ ನಾನು ಹೇಳಿದ್ದು ಒಂದೇ ಮಾತು: “ಅತ್ತಿ ಮನ್ಯಾಗ ಏನ್ ಬಡಿಸಿದ್ರೂ ಬ್ಯಾಡ ಅನ್ನಬ್ಯಾಡವ್ವ.” ನಮ್ಮದು ಎಂದಾದರೊಮ್ಮೆ ಭಾನುವಾರ ಮಟನ್ ಮಾಡುವ ಮನೆ. ಮೀನಿನ ವಾಸನೆ ಬಂದರೆ ಸವಿತಾ ಮೂಗು ಮುಚ್ಚಿಕೊಂಡು ಹೊರಗೆ ಹೋಗುತ್ತಿದ್ದಳು. ಸೇರಿದ್ದು ಮಾತ್ರ ಮೀನು ಹಿಡಿಯುವವರ ಮನೆ.

ಕೆಲವು ತಿಂಗಳಾದ ಮೇಲೆ ವಿಡಿಯೋ ಕಾಲ್‌ನಲ್ಲಿ ಮಗಳನ್ನು ನೋಡಿದ ನನ್ನ ಹೆಂಡತಿ ಹೌಹಾರಿದಳು. “ಗಲ್ಲ ನೋಡ್ರಿ, ಹ್ಯಾಂಗ ಒಳಗ ಹೋಗ್ಯಾವ! ಉಂಡೀಯೇನು ಅಂದ್ರ ಮೀನು ಉಂಡೀನಿ ಅಂತಾಳ, ಆರಾಮ ಅದೀನಿ ಅಂತಾಳ. ಫೋನಿನ್ಯಾಗ ಎಲ್ಲಾರೂ ಆರಾಮೇ ಇರ್ತಾರ. ನನ್ನ ಮೊಣಕಾಲು ನೆಟ್ಟಗಿದ್ರ ನಾನೇ ಹೋಗ್ತಿದ್ದೆ. ನೀವು ಹೋಗಿ ಖರೇ ಏನದ ತಿಳಕೊಂಡು ಬರ್ರಿ.” ತವರಿನಿಂದ ತರಿಸಿದ ಕೆಂಪು ಬಾಳೆಹಣ್ಣು, ಜೋಳದ ಕಟಕ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿಯ ಪುಡಿ ಎಲ್ಲವನ್ನೂ ಚೀಲಕ್ಕೆ ತುಂಬಿ ನನ್ನನ್ನು ಬಸ್ಸು ಹತ್ತಿಸಿದಳು.

ಸಂಜೆ ಬೀಗರ ಮನೆ ಮುಟ್ಟಿದೆ. ಮಗಳು ನಿಜಕ್ಕೂ ಸೊರಗಿದ್ದಳು. ಕೇಳಿದರೆ, “ಆರಾಮ ಅದೀನಪ್ಪ, ಅತ್ತಿ ಭಾಳ ಪ್ರೀತಿ ಮಾಡ್ತಾರ” ಎಂದಳು. ಅಷ್ಟರಲ್ಲಿ ಬೀಗರಾದ ದಾಮೋದರಣ್ಣ, “ಬೆಳಿಗ್ಗೆ ನನ್ನ ಸಂಗಡ ದೋಣಿಗೆ ಬನ್ನಿ ಬೀಗ್ರೇ, ಸಮುದ್ರ ತೋರಿಸ್ತೇನೆ” ಎಂದರು. ನಮ್ಮೂರ ಕೆರೆಗಿಂತ ದೊಡ್ಡ ನೀರಿಗೆ ಇಳಿದವನಲ್ಲ ನಾನು. ಆದರೆ ಕರೆದವರು ಬೀಗರು. “ಹೂಂ, ಬರ್ತೀನ್ರಿ” ಎಂದುಬಿಟ್ಟೆ. ನಸುಕಿನಲ್ಲೇ ಬೀಗತಿ ಪಾರ್ವತಮ್ಮ ಅವಲಕ್ಕಿ ಬಡಿಸಿದರು, ಮತ್ತೆ ಬಡಿಸಿದರು, “ಸಮುದ್ರದ ಗಾಳಿಗೆ ಹಸಿವೆ ಜಾಸ್ತಿ” ಎಂದು ಇನ್ನೊಮ್ಮೆ ಬಡಿಸಿದರು. ನಾನು ಮೂರು ಸಲವೂ ಹೊಗಳಿದೆ.

ದೋಣಿ ಸಣ್ಣದು. ಹಿಂದೆ ಇಂಜಿನ್ನು, ಮುಂದೆ ಬಲೆಯ ಗುಡ್ಡೆ, ನಡುವೆ ನಾನು, ನನ್ನ ತೊಡೆಯ ಮೇಲೆ ಕಲಬುರಗಿಯಿಂದ ತಂದ ನೀರಿನ ಬಾಟಲಿ. ಎಲ್ಲಿಗೆ ಹೋದರೂ ಕುಡಿಯುವ ನೀರು ಕಟ್ಟಿಕೊಂಡು ಹೋಗುವುದು ನಮ್ಮವರ ಚಾಳಿ. ಸುತ್ತಲೂ ಅಷ್ಟೊಂದು ನೀರಿದ್ದರೂ ನಾನು ಬಾಟಲಿಯನ್ನು ಕೂಸಿನಂತೆ ಅಪ್ಪಿಕೊಂಡಿದ್ದೆ. ದಡ ಕಾಣುವಷ್ಟು ದೂರದಲ್ಲೇ ದಾಮೋದರಣ್ಣ ಬಲೆ ಬಿಟ್ಟು ಇಂಜಿನ್ನು ನಿಲ್ಲಿಸಿದರು. ದೋಣಿ ಓಡುವಾಗ ಹೇಗೋ ಇದ್ದೆ. ನಿಂತ ಮೇಲೆ ಅದು ತೊಟ್ಟಿಲಾಯಿತು.

“ಎಂತ ಆಯ್ತು ಬೀಗ್ರೇ, ಮುಖ ಬಿಳಿ ಆಗಿದೆ?”

“ಏನಿಲ್ರೀ, ಆರಾಮ ಅದೀನಿ. ಗಾಳಿ ಭಾಳ ಛಲೋ ಅದ.”

“ನೀರು ನೋಡ್ಬೇಡಿ, ಆಚೆ ಗುಡ್ಡ ನೋಡಿ. ದಡಕ್ಕೆ ಹೋಗೋಣವಾ?”

“ಛೇ ಛೇ, ನನ್ನ ಸಲುವಾಗಿ ನಿಮ್ಮ ಕೆಲಸ ಕೆಡಬಾರದ್ರಿ” ಎನ್ನುತ್ತಲೇ ದೋಣಿಯ ಅಂಚಿಗೆ ಬಾಗಿದೆ. ಮೂರು ಸಲ ಬಡಿಸಿಕೊಂಡದ್ದನ್ನು ಮೂರು ಸಲಕ್ಕೆ ಸಮುದ್ರಕ್ಕೆ ಒಪ್ಪಿಸಿದೆ.

ದಾಮೋದರಣ್ಣ ನಗಲಿಲ್ಲ. ನನ್ನದೇ ಬಾಟಲಿಯ ನೀರು ಕುಡಿಸಿ, ಬೆನ್ನು ಸವರುತ್ತ, “ಮಗಳೂ ಥೇಟ್ ನಿಮ್ಮ ಹಾಗೇ ಮಾರಾಯ್ರೆ” ಎಂದರು. “ಅವಳು ಮೀನು ತಿನ್ನೋದಿಲ್ಲ, ಗೊತ್ತುಂಟಾ?”

“ದಿನಾ ತಿಂತೀನಿ ಅಂತಾಳಲ್ರೀ!”

“ತಿನ್ನೋದು ನಮ್ಮನೆ ಬೆಕ್ಕು. ಮೊದಲು ಬಾಗಿಲ ಸಂದಿಯಲ್ಲಿ ನುಸುಳ್ತಿತ್ತು. ಈಗ ಅದಕ್ಕೆ ಪೂರ್ತಿ ಬಾಗಿಲು ತೆರೀಬೇಕು. ಹುಡುಗಿ ಬರೀ ಅನ್ನ ಉಂಡು ಏಳ್ತಾಳೆ. ನನ್ನ ಹೆಂಡತಿಯೋ, ಸೊಸೆಗೆ ಮೀನಂದ್ರೆ ಜೀವ ಅಂತ ದೊಡ್ಡ ತುಂಡೇ ಹುಡುಕಿ ಹಾಕ್ತಾಳೆ. ನಾನು ನಡುವೆ ಬಾಯಿ ಹಾಕಿದ್ರೆ ಅತ್ತೆ ಸೊಸೆ ಇಬ್ಬರಿಗೂ ಬೇಜಾರು. ನೀವು ಅಪ್ಪ. ಬೇಡ ಅನ್ಲಿಕ್ಕೆ ನೀವೇ ಕಲಿಸಿ. ಇದನ್ನ ಹೇಳ್ಲಿಕ್ಕೇ ಇಲ್ಲಿಗೆ ಕರ್ಕೊಂಡು ಬಂದೆ. ಮನೇಲಿ ಗೋಡೆಗೂ ಕಿವಿ ಉಂಟು.”

ಬೇಡ ಅನ್ನುವುದನ್ನು ಕಲಿಸಲು ಅವರಿಗೆ ಸಿಕ್ಕ ಮೇಷ್ಟ್ರು ನಾನು! ಅವರು ಬೇಗನೇ ಬಲೆ ಎಳೆದರು. ಬುಟ್ಟಿಯ ತಳ ಮುಚ್ಚುವಷ್ಟು ಬಂಗುಡೆ ಸಿಕ್ಕಿತ್ತು. “ಇವತ್ತಿಗೆ ಸಾಕು. ಮೀನು ನಾಳೆಯೂ ಸಿಗ್ತದೆ” ಎಂದು ದೋಣಿ ತಿರುಗಿಸಿದರು. ಒಂದು ದಿನದ ದುಡಿಮೆಯನ್ನು ನನ್ನ ಮಗಳ ಊಟಕ್ಕಾಗಿ ಬಿಟ್ಟುಕೊಟ್ಟ ಆ ಮನುಷ್ಯ ಹೇಳಿಕೊಟ್ಟಂತೆ ಗುಡ್ಡ ನೋಡುತ್ತ ಕುಳಿತೆ.

ಮನೆಗೆ ಬಂದವನೇ ಸವಿತಾಳನ್ನು ಹಿತ್ತಲಿಗೆ ಕರೆದೆ. “ಅವತ್ತ ಹೇಳಿದ್ದು ಬಿಟ್ಟುಬಿಡವ್ವ. ಬ್ಯಾಡಾದ್ದಕ್ಕ ಬ್ಯಾಡ ಅನ್ನು. ಪ್ರೀತಿ ಇದ್ದವರು ಸಿಟ್ಟಾಗಂಗಿಲ್ಲ.” ಅವಳ ಕಣ್ಣು ತುಂಬಿತು. “ನಿನಗ ಯಾರು ಹೇಳಿದ್ರಪ್ಪ?” ಎಂದಳು. “ಬೆಕ್ಕು” ಎಂದೆ.

ಮಧ್ಯಾಹ್ನ, ಕೆಲಸಕ್ಕೆ ಹೋಗಿದ್ದ ಮಹೇಶನೊಬ್ಬನನ್ನು ಬಿಟ್ಟು ಎಲ್ಲರೂ ಸಾಲಾಗಿ ಊಟಕ್ಕೆ ಕುಳಿತೆವು. ಬೆಕ್ಕು ಎಂದಿನಂತೆ ಸವಿತಾಳ ಬೆನ್ನ ಹಿಂದೆ ಕುಳಿತಿತ್ತು. ಪಾರ್ವತಮ್ಮ ಹುರಿದ ಬಂಗುಡೆ ತಂದರು. ಸವಿತಾ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು. “ಅತ್ತಿ, ತಪ್ಪು ತಿಳೀಬ್ಯಾಡ್ರಿ. ನನಗ ಮೀನು ಸೇರಂಗಿಲ್ಲ. ಬ್ಯಾಡ್ರಿ.”

ಪಾರ್ವತಮ್ಮನ ಕೈ ಅಲ್ಲೇ ನಿಂತಿತು. “ಅಯ್ಯೋ ಮಗಾ, ಮೊದಲೇ ಹೇಳ್ಬಾರದಾ? ನನ್ನ ಪಾಲಿನ ದೊಡ್ಡ ತುಂಡೆಲ್ಲ ನಿಂಗೆ ಹಾಕಿ ನಾನು ಬಾಲ ಚೀಪ್ತಿದ್ದೆನಲ್ಲೇ!” ಎಂದು ಹಣೆ ಬಡಿದುಕೊಂಡು ನಕ್ಕರು. ಒಳಗಿಂದ ರೊಟ್ಟಿ, ಹಿಂಡಿ ಬಂತು, ಮೇಲೆ ಮೊಸರು ಬಂತು. ಮಗಳು ತಲೆಯೆತ್ತದೆ ಉಂಡಳು. ಹೆಂಡತಿಗೆ ತೋರಿಸಲು ಫೋಟೋ ತೆಗೆಯೋಣವೆಂದು ಜೇಬಿಗೆ ಕೈ ಹಾಕಿದ್ದೆ. ಅಷ್ಟರಲ್ಲಿ ಪಾರ್ವತಮ್ಮ ನನ್ನ ಮುಂದೆ ಬಂದು ನಿಂತರು.

“ಬೀಗ್ರೇ, ನಿಮಗಾದ್ರೂ ಸೇರ್ತದಾ? ನೀವೇ ಹಿಡಿದು ತಂದ ಮೀನು.”

ಹೊಟ್ಟೆಯೊಳಗೆ ದೋಣಿ ಇನ್ನೂ ಓಲಾಡುತ್ತಿತ್ತು. ಸವಿತಾ ನನ್ನನ್ನೇ ನೋಡುತ್ತಿದ್ದಳು. ದಾಮೋದರಣ್ಣ ಮಾಡಿನ ಹಂಚು ಎಣಿಸತೊಡಗಿದರು. ನಾನು ಧೈರ್ಯ ಮಾಡಿ ಬಾಯಿ ತೆರೆದೆ.

“ಹಾಕ್ರಿ, ಹಾಕ್ರಿ. ವಾಸನೀನೇ ಭಾಳ ಛಲೋ ಅದ.”

ಎರಡು ಬಂಗುಡೆ ತಟ್ಟೆಗೆ ಬಿದ್ದವು. ಸವಿತಾಳ ಹಿಂದಿದ್ದ ಬೆಕ್ಕು ಮೈಮುರಿದು ಎದ್ದಿತು, ಸಾಲನ್ನೆಲ್ಲ ನಿಧಾನವಾಗಿ ಬಳಸಿಕೊಂಡು ಬಂದು ನನ್ನ ಮೊಣಕಾಲಿಗೆ ಒರಗಿ ಕುಳಿತಿತು.