ಹಿಂಬಾಗಿಲಿಗೆ ಬೀಗ ಇದೆಯಾ?

ಬೆಳಗಿನ ಚಹಾ ಇನ್ನೂ ಅಪ್ಪನ ಗಂಟಲಿಳಿದಿರಲಿಲ್ಲ, ಮಗಳು ಬಂದು ಎದುರು ಕೂತಳು.

"ಅಪ್ಪ, ಆನ್‌ಲೈನಲ್ಲಿ ಸೀಟು ಒಪ್ಪಿಕೊಳ್ಳೋಕೆ ಇವತ್ತು ಸಂಜೆ ಐದಕ್ಕೆ ಕೊನೆ. ಬೆಟ್ಟದೂರಿನ ಯೂನಿವರ್ಸಿಟಿನೋ, ಕಡಲೂರಿನದೋ? ಯಾವುದು ಸೇಫು ಅಂತ ನೀನೇ ನೋಡಿ ಹೇಳ್ತೀನಿ ಅಂದಿದ್ದೆ."

ಅಂದದ್ದು ನಿಜ. ಆದರೆ ಇದ್ದ ಸಮಯವೆಲ್ಲ ಹೆದರುವುದರಲ್ಲೇ ಕಳೆದುಹೋಗಿ, ಆರಿಸುವುದಕ್ಕೆ ಅವರಿಗೆ ಬಿಡುವೇ ಆಗಿರಲಿಲ್ಲ. ಎರಡೂ ಪರದೇಶದಲ್ಲಿದ್ದವು. ಎರಡರಲ್ಲೂ ಮಗಳಿಗೆ ಮಣ್ಣಿನ ವಿಜ್ಞಾನ ಓದಲು ಸೀಟು ಸಿಕ್ಕಿತ್ತು. ಒಂದು ಬೆಟ್ಟದ ಮೇಲೆ, ಕಾಲು ಜಾರಬಹುದು. ಇನ್ನೊಂದು ಕಡಲ ದಂಡೆಯಲ್ಲಿ, ಅಲೆ ಎಳೆದೊಯ್ಯಬಹುದು. ಮಗಳಿಗೆ ಬೆಟ್ಟದೂರೇ ಇಷ್ಟವೆಂಬುದು ಅವಳು ಪ್ರತಿಸಲವೂ ಅದರ ಹೆಸರನ್ನೇ ಮೊದಲು ಹೇಳುವುದರಲ್ಲಿ ಗೊತ್ತಾಗುತ್ತಿತ್ತು.

ಅವರದು ಲಿಫ್ಟ್ ಇನ್ಸ್‌ಪೆಕ್ಟರ್ ಕೆಲಸ. ದಿನಬೆಳಗಾದರೆ ಯಾವುದು ಕಳಚಿ ಬೀಳಬಹುದೆಂದು ಹುಡುಕುವುದಕ್ಕೇ ಸಂಬಳ ಪಡೆಯುವ ಮನುಷ್ಯನಿಗೆ ಲೋಕದಲ್ಲಿ ಗಟ್ಟಿಯಾದದ್ದು ಯಾವುದೂ ಕಾಣುವುದಿಲ್ಲ. ಯಾರ ಜೊತೆ ಏನೇ ಮಾತಾಡಲಿ, ಕೊನೆಗೆ "ಜೋಪಾನ" ಎನ್ನದೆ ಬಿಡುತ್ತಿರಲಿಲ್ಲ. ಹಾಗಾಗಿ ಕಚೇರಿಯಲ್ಲೂ ಬೀದಿಯಲ್ಲೂ ಅವರಿಗೆ ಜೋಪಾನಪ್ಪ ಎಂದೇ ಹೆಸರು.

"ರೀ, ಅವಳು ಹೋಗ್ತಿರೋದು ಓದೋಕೆ, ಯುದ್ಧಕ್ಕಲ್ಲ. ಏನಾದ್ರೂ ಒಂದು ಹೇಳ್ಬಿಡಿ," ಎಂದಳು ಹೆಂಡತಿ.

"ಸಂಜೆ ಒಳಗೆ ಹೇಳ್ತೀನಿ. ನಾನು ಹೇಳೋವರೆಗೂ ಏನೂ ಒತ್ಬೇಡ."

"ಐದರ ತನಕ ಕಾಯ್ತೀನಪ್ಪ. ಆಮೇಲೆ ನನ್ನಿಷ್ಟ," ಎಂದಳು ಮಗಳು.

"ಜೋಪಾನ," ಎಂದು ಅವರು ಹೊರಟರು.

ಜೋಪಾನಪ್ಪನವರ ಕಚೇರಿಯಲ್ಲಿ ಒಂದು ಪದ್ಧತಿಯಿತ್ತು. ತಪಾಸಣೆಗೆ ಹೋದವರು ತಾವು ಯಾರೆಂದು ಮೊದಲೇ ಹೇಳಬಾರದು. ಇನ್ಸ್‌ಪೆಕ್ಟರು ಬರುತ್ತಾರೆಂದು ಗೊತ್ತಾದರೆ ಕಟ್ಟಡದ ಮಾಲೀಕ ರಾತ್ರೋರಾತ್ರಿ ಎಲ್ಲಕ್ಕೂ ಎಣ್ಣೆ ಹಚ್ಚಿಸಿ ಹಲ್ಲು ಕಿರಿಯುತ್ತ ನಿಂತಿರುತ್ತಾನೆ. ದಾರಿಹೋಕನ ಹಾಗೆ ಹೋಗಿ ಕಾವಲುಗಾರನ ಹತ್ತಿರ ಅದೂ ಇದೂ ಕೇಳಿದರೆ ನಿಜ ತಾನಾಗಿ ಹೊರಬೀಳುತ್ತದೆ. ಈ ವಿದ್ಯೆಯಲ್ಲಿ ಜೋಪಾನಪ್ಪನವರು ಪಳಗಿದ ಕೈ. ಬಸ್ಸಿನಲ್ಲಿ ಕೂತಿದ್ದಾಗ ಅವರಿಗೆ ತಟ್ಟನೆ ಹೊಳೆಯಿತು. ಯೂನಿವರ್ಸಿಟಿಯಾದರೇನು, ಅದೂ ಒಂದು ಕಟ್ಟಡವೇ ತಾನೇ?

ಕಚೇರಿಯ ಮೆಟ್ಟಿಲ ತಿರುವಿನಲ್ಲಿ ನಿಂತು ಮೊದಲು ಕಡಲೂರಿನ ಹಾಸ್ಟೆಲಿಗೆ ಫೋನ್ ಮಾಡಿದರು. ಹೆಸರು ಹೇಳಲಿಲ್ಲ. ಜೇನಿನಂಥ ದನಿಯ ಹೆಂಗಸೊಬ್ಬಳು ಕೇಳಿದ್ದಕ್ಕೆಲ್ಲ ನಗುನಗುತ್ತ ಉತ್ತರ ಕೊಟ್ಟಳು. ಹುಡುಗಿಯರು ಯಾವ ಮಹಡಿಯಲ್ಲಿ ಇರುತ್ತಾರೆ, ಕಾವಲುಗಾರ ಊಟಕ್ಕೆ ಎಷ್ಟು ಹೊತ್ತಿಗೆ ಏಳುತ್ತಾನೆ, ಹಿಂಬಾಗಿಲಿಗೆ ಬೀಗ ಇದೆಯಾ, ಇದ್ದರೆ ಕೀಲಿ ಎಲ್ಲಿಡುತ್ತಾರೆ, ಎಲ್ಲವನ್ನೂ ಹೇಳಿದಳು. ಕೀಲಿ ಹೂಕುಂಡದ ಕೆಳಗಂತೆ. ಇನ್ನೇನಾದರೂ ತಿಳಿಯಬೇಕಿತ್ತೇ ಎಂದು ಅವಳೇ ಕೇಳಿದಳು. ಇಷ್ಟು ಮುಚ್ಚುಮರೆಯಿಲ್ಲದ ಸಂಸ್ಥೆಯನ್ನು ಜೋಪಾನಪ್ಪನವರು ತಮ್ಮ ಸರ್ವೀಸಿನಲ್ಲೇ ಕಂಡಿರಲಿಲ್ಲ.

ಬೆಟ್ಟದೂರಿನಲ್ಲಿ ಫೋನೆತ್ತಿದವನ ದನಿ ಉಪ್ಪುಕಾಗದ ಉಜ್ಜಿದ ಹಾಗಿತ್ತು. ಮೊದಲ ಪ್ರಶ್ನೆಗೇ ನೀವು ಯಾರು ಎಂದ. ಎರಡನೆಯದಕ್ಕೆ ಯಾಕೆ ಕೇಳುತ್ತಿದ್ದೀರಿ ಎಂದ. ಮೂರನೆಯದಕ್ಕೆ ಉತ್ತರವೇ ಇಲ್ಲ. ಪದ್ಧತಿಯಂತೆ ಜೋಪಾನಪ್ಪನವರೂ ತಮ್ಮ ಗುಟ್ಟು ಬಿಟ್ಟುಕೊಡದೆ, ಹೇಳಬೇಕಾದ ಎರಡು ಮಾತು ಹೇಳಿ ಫೋನಿಟ್ಟರು.

"ಏನೋ ಮುಚ್ಚಿಡ್ತಿದ್ದಾರೆ ಮೇಡಂ," ಎಂದರು ಪಕ್ಕದ ಮೇಜಿನ ಟೈಪಿಸ್ಟ್ ಹತ್ತಿರ.

ಟೈಪಿಸ್ಟ್ ಮೇಡಂಗೆ ಬೇರೆಯವರ ಮನೆಯ ಚಿಂತೆಯೆಂದರೆ ಊಟ ತಿಂಡಿ ಬೇಡ. "ಸರಿಯಾಗಿ ಹೇಳಿದ್ರಿ ಸಾರ್. ನಮ್ಮ ಲಿಫ್ಟುಗಳದೇ ನೋಡಿ, ಯಾವ ವಾಚ್‌ಮನ್ ಬಾಯಿ ಬಿಡಲ್ವೋ ಅಲ್ಲಿ ಏನೋ ಕೆಟ್ಟಿದೆ ಅಂತಲೇ ಅರ್ಥ. ನೀವು ಸುಮ್ನಿರಿ, ನಾನು ಕಂಡುಹಿಡೀತೀನಿ," ಎಂದು ಫೋನು ಹಿಡಿದು ಕೂತಳು. ಅಂದು ಕಚೇರಿಯಲ್ಲಿ ಒಂದು ಕಾಗದವೂ ಟೈಪಾಗಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಅವಳ ಮುಖ ಬಿಳಿಚಿಕೊಂಡಿತು. "ಸಾರ್, ಬನ್ನಿ ಇಲ್ಲಿ. ಈಗ ತಾನೇ ಹಾಕಿದ್ದಾರೆ."

ಬೆಟ್ಟದೂರಿನ ಯೂನಿವರ್ಸಿಟಿಯದೇ ಪ್ರಕಟಣೆ. ಕೆಂಪು ಅಕ್ಷರದಲ್ಲಿತ್ತು. ವಿದ್ಯಾರ್ಥಿನಿಯರ ಹಾಸ್ಟೆಲಿನ ಮೇಲೆ ಅಪರಿಚಿತ ಗಂಡಸೊಬ್ಬ ಕಣ್ಣಿಟ್ಟಿರುವ ಶಂಕೆಯಿದೆ, ಎಲ್ಲರೂ ಎಚ್ಚರದಿಂದಿರಬೇಕು.

ಜೋಪಾನಪ್ಪನವರಿಗೆ ನೆಲ ಕೆಳಗಿಳಿದಂತಾಯಿತು.

"ಕೆಳಗೆ ಅವನ ದನೀನೂ ಇದೆಯಂತೆ," ಎಂದಳು ಟೈಪಿಸ್ಟ್. "ಸಾಹೇಬ್ರು ಒಳಗಿದ್ದಾರೆ, ಈಗ ಹಾಕಿದ್ರೆ ಕೇಳಿಸ್ಬಿಡುತ್ತೆ."

"ಬೇಡ ಮೇಡಂ. ಅಂಥವನ ದನಿ ಕೇಳೋ ಧೈರ್ಯ ನನಗಿಲ್ಲ. ಅದಕ್ಕೇ ಬೆಳಗ್ಗೆ ಆ ಮನುಷ್ಯ ಹಾಗೆ ಮುಚ್ಚಿಟ್ಟಿದ್ದು."

ಮಗಳಿಗೆ ಫೋನ್ ಮಾಡಿದರೆ ಎಂಗೇಜು. ಮತ್ತೆ ಮಾಡಿದರೂ ಎಂಗೇಜು. ಹೆಂಡತಿಯ ಫೋನು ಎಂದಿನಂತೆ ಯಾವುದೋ ಚೀಲದ ತಳದಲ್ಲಿ ಒಂದೇ ಸಮನೆ ಬಡಿದುಕೊಳ್ಳುತ್ತಿರಬೇಕು. ಗಡಿಯಾರ ನಾಲ್ಕು ದಾಟಿತ್ತು. ಅವರು ಚಪ್ಪಲಿ ಸಿಕ್ಕಿಸಿಕೊಂಡು ಓಡಿದರು.

ತಮ್ಮ ಕಟ್ಟಡದಲ್ಲಿ ಜೋಪಾನಪ್ಪನವರು ಎಂದೂ ಲಿಫ್ಟ್ ಹತ್ತಿದವರಲ್ಲ, ಅದರ ಒಳಗುಟ್ಟು ಅವರಿಗೆ ಗೊತ್ತು. ಆದರೆ ಇವತ್ತು ಮೆಟ್ಟಿಲೇರುವಷ್ಟು ಹೊತ್ತಿರಲಿಲ್ಲ. ಒಳಗೆ ಮೇಲಿನ ಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ತರಕಾರಿ ಚೀಲ ಹಿಡಿದು ನಿಂತಿದ್ದರು. ಲಿಫ್ಟ್ ಸ್ವಲ್ಪ ಮೇಲೆ ಹೋಗಿ, ನಿಟ್ಟುಸಿರು ಬಿಟ್ಟು, ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು.

"ಇದನ್ನ ಮೊನ್ನೆ ನೀವೇ ಅಲ್ವಾ ಚೆಕ್ ಮಾಡಿದ್ದು?" ಎಂದರು ಮೇಷ್ಟ್ರು.

"ಹೌದು."

"ಏನಂದ್ರಿ?"

"ಚೆನ್ನಾಗಿದೆ ಅಂದೆ."

ಮೇಷ್ಟ್ರು ಚೀಲ ಕೆಳಗಿಟ್ಟು ಅವರನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. ಜೋಪಾನಪ್ಪನವರು ಗಂಟೆ ಒತ್ತಿದರು, ಬಾಗಿಲು ಗುದ್ದಿದರು. ಕೆಳಗಿನಿಂದ ವಾಚ್‌ಮನ್ "ಯಾರದು?" ಎಂದು ಕೂಗಿದ. ಇಡೀ ದಿನ ಯಾರಿಗೂ ಹೇಳದ ಹೆಸರು, ಕೆಲಸ, ಮನೆ ನಂಬರು, ಮಗಳ ಓದು ಎಲ್ಲವನ್ನೂ ಅವರು ಒಂದೇ ಉಸಿರಿನಲ್ಲಿ ಕೂಗಿ ಹೇಳಿದರು.

"ಅಷ್ಟೆಲ್ಲ ಬೇಡ ಸಾರ್, ಎಷ್ಟನೇ ಮಹಡಿ ಹೇಳಿ ಸಾಕು," ಎಂದ ವಾಚ್‌ಮನ್.

"ಅಳಿಯ ಹೇಳ್ತಿದ್ದ," ಎಂದು ಮೇಷ್ಟ್ರು ಶುರು ಮಾಡಿದರು, "ಪರದೇಶದಲ್ಲಿ ಹುಡುಗೀರು ಒಬ್ಬೊಬ್ರೇ ಇರೋದು ಅಂದ್ರೆ..."

"ದಯವಿಟ್ಟು ಸುಮ್ನಿರಿ ಮೇಷ್ಟ್ರೇ," ಎಂದರು ಜೋಪಾನಪ್ಪನವರು. ಕಣ್ಣಲ್ಲಿ ನೀರಿತ್ತು. ಮಗಳನ್ನು ಕಳಿಸುವುದೇ ಬೇಡವೆಂದು ಅವರ ಮನಸ್ಸು ಸಾವಿರ ಸಲ ಹೇಳಿತ್ತು. ಆದರೂ ತಡೆಯಲು ಬಾಯಿ ಬಂದಿರಲಿಲ್ಲ. ಅವಳ ಖುಷಿ ಅವರು ಕಂಡಿದ್ದರು.

ಲಿಫ್ಟಿನಿಂದ ಬಿಡಿಸಿಕೊಂಡು ಅವರು ಮನೆಗೆ ನುಗ್ಗಿದಾಗ ಐದು ದಾಟಿಹೋಗಿತ್ತು.

"ಒತ್ತಿದೆಯಾ?"

"ಒತ್ತಿದೆ."

"ಯಾವುದು?"

"ಬೆಟ್ಟದೂರು."

ಜೋಪಾನಪ್ಪನವರು ಅಲ್ಲಿದ್ದ ಕುರ್ಚಿಯಲ್ಲಿ ಕುಸಿದರು. "ಅಯ್ಯೋ ಮಗಳೇ, ಅಲ್ಲಿ ಯಾವನೋ ಒಬ್ಬ ಹಾಸ್ಟೆಲ್ ಮೇಲೆ ಕಣ್ಣಿಟ್ಟಿದ್ದಾನೆ."

"ಗೊತ್ತಪ್ಪ. ಹೊಸದಾಗಿ ಸೇರೋರಿಗೆಲ್ಲ ಅವನ ದನಿ ಕಳ್ಸಿದ್ದಾರೆ, ಗುರುತು ಸಿಕ್ಕಿದ್ರೆ ತಿಳಿಸಿ ಅಂತ. ಕೇಳು," ಎಂದು ಅವಳು ಫೋನು ಮೇಜಿನ ಮೇಲಿಟ್ಟಳು.

ಉಪ್ಪುಕಾಗದದ ದನಿ ಯಾರು ನೀವು ಎಂದು ಕೇಳಿತು. ಅದಕ್ಕೆ ಉತ್ತರವಾಗಿ ಬಂದ ದನಿ ಇಡೀ ಮನೆಗೆ ಪರಿಚಯದ್ದು. ಅದೆಲ್ಲ ನಿಮಗೆ ಬೇಡ, ಹಿಂಬಾಗಿಲಿಗೆ ಬೀಗ ಇದೆಯಾ ಹೇಳಿ. ಹೇಳೋದಿಲ್ವಾ? ಹಾಗಾದರೆ ನಾನೇ ಒಂದು ದಿನ ಹೇಳದೆ ಕೇಳದೆ ಬಂದು ನೋಡ್ಕೋಬೇಕಾಗುತ್ತೆ. ಜೋಪಾನ.

ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಹೋದಳು.

"ನಮ್ಮಪ್ಪ ಅಂತ ಹೇಳಿ ಒಪ್ಪಿಸೋ ಹೊತ್ತಿಗೆ ಸಾಕಾಯ್ತು. ಅದಕ್ಕೇ ಫೋನ್ ಎಂಗೇಜಿತ್ತು," ಎಂದಳು ಮಗಳು. "ಸೀಟಿಗೇನೂ ಆಗಿಲ್ಲ."

"ಕಡಲೂರಿನೋರು ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ?" ಎಂದರು ಅವರು ಸೋತ ದನಿಯಲ್ಲಿ. "ಹೂಕುಂಡದ ಕೆಳಗೆ ಕೀಲಿ ಇರೋದನ್ನೂ ಹೇಳಿದ್ರು."

"ಯಾರು ಅಂತಾನೇ ಗೊತ್ತಿಲ್ದಿರೋ ಗಂಡಸಿಗೆ?"

ಆ ಮಾತು ಜೋಪಾನಪ್ಪನವರಿಗೆ ಹೊಳೆದೇ ಇರಲಿಲ್ಲ. ಬೆನ್ನಲ್ಲಿ ಚಳಿ ಹರಿದುಹೋಯಿತು. ಅದು ಇಳಿದ ಮೇಲೆ, ಎಷ್ಟೋ ವಾರಗಳ ನಂತರ ಮೊದಲ ಸಲ ಅವರ ಎದೆ ಹಗುರವಾಯಿತು. ಮಗಳು ಸರಿಯಾದದ್ದನ್ನೇ ಆರಿಸಿದ್ದಳು.

"ಆದ್ರೆ ಅಪ್ಪ, ಬೆಟ್ಟದೂರಿನೋರ ನಿಯಮ ತುಂಬಾ ಬಿಗಿ. ಇಂಥ ಫೋನ್ ಮಾಡಿದೋರು ಯಾರೇ ಆಗ್ಲಿ, ಮತ್ತೆ ಹಾಸ್ಟೆಲಿಗೆ ಫೋನ್ ಮಾಡೋ ಹಾಗಿಲ್ಲ, ಒಳಗೆ ಕಾಲಿಡೋ ಹಾಗಿಲ್ಲ. ನನ್ನನ್ನ ಬಿಡೋಕೆ ಅಮ್ಮ ರೂಮಿನ ತನಕ ಬರ್ಬಹುದು. ನೀನು ಗೇಟಿನ ಹೊರಗೆ."

ಅಪಾಯದ ಮನುಷ್ಯ ಯಾರೂ ಒಳಗೆ ಬರಲಾಗದ ಜಾಗ ಬೇಕೆಂದು ಕೇಳಿಕೊಂಡವರು ಜೋಪಾನಪ್ಪನವರೇ ತಾನೇ.

"ಹೋಗ್ಲಿ," ಎಂದರು ಕೊನೆಗೆ, "ಹಿಂಬಾಗಿಲಿಗೆ ಬೀಗ ಇದೆಯಾ ಅಂತ ನೀನಾದ್ರೂ ಕೇಳಿದ್ಯಾ?"

"ಕೇಳಿದೆ. ಹೇಳಿದ್ರು."

"ಏನಂತೆ?"

"ನಿನಗೆ ಹೇಳ್ಬಾರದಂತೆ."