ಬರಡು ಅಂತ ಹಾಕಂಗಿಲ್ರಿ

ಸಿಟ್ಟು ಬರಬೇಕಾದಲ್ಲಿ ನನಗೆ ಸಿಟ್ಟು ಬರುವುದಿಲ್ಲ. ಹಾಲಿಗೆ ನೀರು ಬೆರೆಸಿದರೂ ಸುಮ್ಮನಿರುತ್ತೇನೆ. ಆದರೆ ಕಂಡು ಕೇಳರಿಯದ ದೇಶದ ಕಲ್ಲುಹೂವನ್ನು ಯಾರಾದರೂ ಹಳಿದರೆ ಮೈ ಉರಿಯುತ್ತದೆ. ಜಮಖಂಡಿಯ ನಮ್ಮ ಮಾಳಿಗೆ ಕೋಣೆಯಲ್ಲಿ, ಫ್ಯಾನಿನ ಬಿಸಿಗಾಳಿಯಲ್ಲಿ ಕೂತು ನಾನು ಮಾಡುವ ಕೆಲಸವೇ ಅಂಥದ್ದು. ಭೂಮಿಯ ಉತ್ತರದ ತುದಿಯಲ್ಲಿ ಟಂಡ್ರಾ ಎಂಬ ಮರವಿಲ್ಲದ ಚಳಿನಾಡಿದೆ. ಅದರ ಚಿತ್ರಗಳ ಮೇಲೆ ಇದು ಹುಲ್ಲು, ಇದು ಕುರುಚಲು, ಇದು ನೀರು ಎಂದು ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತೇನೆ. ಅದೇ ಮುಂದೆ ನಕ್ಷೆಯಾಗುತ್ತದೆ. "ನಮ್ಮ ನಳಕ್ಕ ನೀರು ಯಾವಾಗ ಬರ್ತೈತಿ ಗೊತ್ತಿಲ್ಲ, ಅಲ್ಲಿ ಹುಲ್ಲಿನ ಚಿಂತಿ ನಿನಗ" ಎಂದು ನಮ್ಮ ಯಜಮಾನರು ಚುಡಾಯಿಸುತ್ತಾರೆ.

ಚಿತ್ರಗಳು ಎರಡು ಬಗೆ. ಉಪಗ್ರಹದ್ದು ದೂರದ ನೆಂಟರ ನೋಟ, ಮೇಲಿಂದಲೇ ತೀರ್ಪು ಕೊಟ್ಟುಬಿಡುತ್ತದೆ. ಡ್ರೋನ್ ಕೆಳಗಿಳಿದು ಬಗ್ಗಿ ನೋಡುತ್ತದೆ. ಉಪಗ್ರಹಕ್ಕೆ ಬರೀ ಬೂದಿ ಬಣ್ಣದ ನೆಲ ಕಂಡ ಕಡೆ ಡ್ರೋನಿಗೆ ಒತ್ತಾಗಿ ಬೆಳೆದ ಕಲ್ಲುಹೂವು ಕಂಡಿತ್ತು. ನಾವು ಮಸಾಲೆ ಖಾರಕ್ಕೆ ಹಾಕುತ್ತೇವಲ್ಲ, ಅದರ ಬಳಗದ್ದೇ. ಅಲ್ಲಿನ ಹಿಮಸಾರಂಗಗಳಿಗೆ ಚಳಿಗಾಲದ ಊಟ. ನಮ್ಮ ತಂಡದ ಮುಖ್ಯಸ್ಥ ಪಾಟೀಲ ಸರ್ ಹುಬ್ಬಳ್ಳಿಯಿಂದ ಫೋನ್ ಮಾಡಿ, "ಅದನ್ನೆಲ್ಲಾ ಬರಡು ಅಂತ ಹಾಕಿ ಮುಗಸ್ರಿ ಮೇಡಂ" ಎಂದರು.

ಬರಡು! ಮದುವೆಯಾಗಿ ಇಷ್ಟು ವರ್ಷವಾದರೂ ಮಕ್ಕಳಿಲ್ಲದ ನನಗೆ ಆ ಶಬ್ದ ಹೊಸದಲ್ಲ. ಬಾಗಿಲ ಹಿಂದಿನಿಂದ ಕೇಳಿದ್ದೇನೆ. ಕೂಸನ್ನು ತೊಟ್ಟಿಲಿಗೆ ಹಾಕುವಾಗ ಮೆಲ್ಲಗೆ ನನ್ನನ್ನು ಹಿಂದೆ ಸರಿಸಿದರೆ, ಯಾರೂ ಬಾಯಿ ಬಿಡದೆಯೂ ಕೇಳಿಸಿದೆ. ಆಗೆಲ್ಲ ನುಂಗಿಕೊಂಡಿದ್ದೆ. ಈ ಸಲ ಆಗಲಿಲ್ಲ.

"ಹಾಕಂಗಿಲ್ರಿ ಸರ್. ಜೀವ ಐತ್ರಿ ಅದಕ್ಕ. ಸಾವಕಾಶ ಬೆಳೀತೈತಿ, ಅಷ್ಟ."

"ಹಂಗಾದ್ರ ಕೆಲಸ ಬ್ಯಾರೆಯವ್ರಿಗೆ ಕೊಡಬೇಕಾಕೈತಿ ನೋಡ್ರಿ."

"ಕೊಡ್ರಿ. ನನ್ನ ಕೈಲೆ ಅದು ಬರಡು ಆಗಂಗಿಲ್ಲ."

ಫೋನಿಟ್ಟ ಮೇಲೆ ಅರಿವಾಯಿತು, ನನ್ನದು ಅಂತ ಇದ್ದದ್ದು ಆ ಕೆಲಸವೊಂದೇ. ಆದರೆ ಸರ್ ಡ್ರೋನಿನ ಚಿತ್ರ ನೋಡಿ, ಮೇಲಿನವರನ್ನು ಕೇಳಿ, ಕಲ್ಲುಹೂವಿಗೆ ಬೇರೆ ಬಣ್ಣವನ್ನೇ ಕೊಡಿಸಿದರು. ಗೆದ್ದ ಸೊಕ್ಕು ಇಳಿಯುವ ಮೊದಲೇ ಸಾವಳಗಿಯ ನೆಂಟರ ಮನೆಗೆ, ಬಸುರಿಗೆ ಹಸಿರು ಸೀರೆ ಉಡಿಸುವ ಕುಬಸಕ್ಕೆ ಹೋದೆ. ಅಲ್ಲಿ ಮಗ್ಗದ ಮನೆಯ ಬನಹಟ್ಟಿ ಕಾಕಿ, ನಮ್ಮ ಚಿಕ್ಕಮ್ಮ, ಎಲ್ಲರೆದುರು ನನ್ನ ಹೊಟ್ಟೆ ನೋಡಿ, "ಏನವಾ, ಇನ್ನೂ ಏನೂ ಇಲ್ಲೇನು?" ಎಂದರು.

ಸೆಟೆದು ನಿಂತೆ. "ಐತ್ರಿ ಕಾಕಿ. ಮ್ಯಾಲಿಂದ ನೋಡಿದ್ರ ಕಾಣಂಗಿಲ್ಲ, ಅಷ್ಟ!"

ಚೆನ್ನಾಗಿ ಮುಖಕ್ಕೆ ಹೊಡೆದಂತೆ ಅಂದೆನೆಂದು ಬೀಗುತ್ತಿದ್ದರೆ, ಕಾಕಿ ಕಣ್ಣಲ್ಲಿ ನೀರು ತಂದುಕೊಂಡು ನನ್ನ ದೃಷ್ಟಿ ತೆಗೆದು ನೆಟಿಗೆ ಮುರಿದರು. ನಾನು ಊರು ಮುಟ್ಟುವಷ್ಟರಲ್ಲಿ ಮುಧೋಳದ ನಾದಿನಿಯ ಫೋನು. ಬೀಳಗಿಯಿಂದ ಬಸ್ಸಿನಲ್ಲಿ ಉಪ್ಪಿನಕಾಯಿ ಭರಣಿ. ಕಾಕಿಯ ಫೋನಂತೂ, "ಮಗ್ಗದ ಮ್ಯಾಲ ಹಸರ ಸೀರಿ ಹಾಕ್ಸೇನಿ. ಮಾಳಿಗಿ ಹತ್ತಬ್ಯಾಡ ನನ್ನವ್ವ."

"ಖರೆ ಹೇಳಿಬಿಡು" ಎನ್ನುತ್ತಾರೆ ಯಜಮಾನರು. ಹೇಳುವುದಿಲ್ಲ! ನಾನು ಸುಳ್ಳು ಹೇಳಿಲ್ಲ, ಅವರೇ ತಪ್ಪು ಓದಿಕೊಂಡರು. ಇಷ್ಟು ವರ್ಷ ಅಂದದ್ದಕ್ಕೆ ಒಂದು ಸೀರೆ ಏನೂ ಹೆಚ್ಚಲ್ಲ, ಉಟ್ಟುಕೊಂಡೇ ಹೇಳುತ್ತೇನೆ. ಹೀಗೆ ಬಳಗವನ್ನೆಲ್ಲ ಬೈಯುತ್ತ ಆ ಉಪ್ಪಿನಕಾಯಿ ನೆಕ್ಕುತ್ತಿದ್ದೆ. ನೋಡಿದರೆ ಎಡಗೈ ತಾನಾಗಿ ಹೊಟ್ಟೆಯ ಮೇಲೆ ಹೋಗಿ ಕೂತಿದೆ.