ಅತ್ತೆಯ ಕಾಫಿಗೆ ಎರಡು ಚಮಚ ಬಲ

ಅತ್ತೆಯನ್ನು ಮನೆಯಿಂದ ಸಾಗಹಾಕಲು ನಾನು ಸಂಚು ಮಾಡಿದೆ ಎಂದು ನನ್ನ ಹೆಂಡತಿ ಹ್ಯೇರಾನ್ ಈಗಲೂ ಹೇಳುತ್ತಾಳೆ. ಸುಳ್ಳಲ್ಲ. ಆದರೆ ಆ ಸಂಚಿನಲ್ಲಿ ಇದ್ದದ್ದು ವಿಷವಲ್ಲ, ಪ್ರೊಟೀನ್ ಪುಡಿ ಎನ್ನುವುದನ್ನು ಅವಳು ಬೇಕೆಂದೇ ನುಂಗಿಬಿಡುತ್ತಾಳೆ. ಹಾಗಾಗಿ ನಾನೇ ಬಾಯಿಬಿಡಬೇಕಾಗಿದೆ.

ಅತ್ತೆಯ ಹೆಸರು ಮಾಲ್‌ಸೂನ್, ವಯಸ್ಸು ಎಪ್ಪತ್ತಾರು. ಬುಸಾನ್ ಬಂದರಿನ ಮೀನು ಪೇಟೆಯಲ್ಲಿ ಮೂವತ್ತೆಂಟು ವರ್ಷ ಒಂದೇ ಜಾಗದಲ್ಲಿ ಕೂತು ಬಂಗುಡೆ ಮಾರಿದವರು. ಈ ಚಳಿಗಾಲದಲ್ಲಿ ಜಾರಿ ಬಿದ್ದು ಕಾಲಿನ ಮೂಳೆ ಬಿರುಕು ಬಿಟ್ಟಾಗ ಹ್ಯೇರಾನ್ ಅವರನ್ನು ಅದೇ ಊರಿನಲ್ಲಿರುವ ನಮ್ಮ ಫ್ಲ್ಯಾಟಿಗೆ ಕರೆತಂದಳು. ಮೂಳೆಯೇನೋ ಕೂಡಿತು. ಆದರೆ ಎರಡು ತಿಂಗಳು ಮಲಗಿದ್ದರಿಂದ ತೊಡೆಯ ಮಾಂಸವೆಲ್ಲ ಕರಗಿ, ಕೂತಲ್ಲಿಂದ ಏಳಬೇಕಾದರೆ ನನ್ನ ಭುಜ ಬೇಕಾಗುತ್ತಿತ್ತು.

ಭುಜವಾದರೂ ಸದಾ ಸಿದ್ಧ. ಹ್ಯೇರಾನ್ ಬೆಳಗ್ಗೆ ಎಂಟಕ್ಕೆ ಅಂಚೆ ಕಚೇರಿಗೆ ಹೋದರೆ ಬರುವುದು ಸಂಜೆ ಆರೂವರೆಗೆ. ಮೆಟ್ರೊ ಕೆಲಸದಿಂದ ನಿವೃತ್ತನಾಗಿ ಒಂದು ವರ್ಷವಾಗಿದ್ದ ನಾನು ಅಷ್ಟು ಹೊತ್ತೂ ಅತ್ತೆಯ ಸನ್ನಿಧಾನದಲ್ಲಿ. ಟೀವಿಯ ರಿಮೋಟು ಅವರ ಕೈಯಲ್ಲಿ. ನಾನು ಕಾಲುಚೀಲ ಮಡಿಸಿದ್ದು ಅವರಿಗೆ ಸರಿಬರುವುದಿಲ್ಲ. ನಾನು ತಂದ ಮೀನಿನ ಕಿವಿರು ಎತ್ತಿ ನೋಡಿ, "ಇದನ್ನ ಯಾವ ಸಮಾಧಿಯಿಂದ ಎತ್ಕೊಂಡು ಬಂದ್ರಿ ಅಳಿಯಂದ್ರೇ?" ಎಂದು ಬಹಳ ಮರ್ಯಾದೆಯಿಂದ ಕೇಳುತ್ತಾರೆ. (ಮರ್ಯಾದೆ ಇದ್ದಷ್ಟೂ ಉರಿ ಹೆಚ್ಚು.)

ಅವರಿಗೂ ನಮ್ಮ ಮನೆಯಲ್ಲಿ ಇರುವ ಆಸೆಯೇನೂ ಇರಲಿಲ್ಲ. ಪೇಟೆಯಲ್ಲಿ ಪಕ್ಕದ ಅಂಗಡಿಯಾಕೆ ಅವರ ಜಾಗವನ್ನು ಮೇ ಮುಗಿಯುವವರೆಗೆ ಕಾದಿಡಲು ಒಪ್ಪಿದ್ದಳು. ಅಷ್ಟರಲ್ಲಿ ಬಂದು ಕೂರದಿದ್ದರೆ ಪೇಟೆಯ ಸಂಘ ಅದನ್ನು ಬೇರೆಯವರಿಗೆ ಕೊಟ್ಟುಬಿಡುತ್ತದೆ. ಹ್ಯೇರಾನ್ ಮಾತ್ರ, ಅಮ್ಮ ಇನ್ನು ಒಂಟಿಯಾಗಿರುವುದು ಬೇಡ, ಇಲ್ಲೇ ಇರಲಿ ಎಂದು ಪಟ್ಟು ಹಿಡಿದಳು. ತಾಯಿ ಮಗಳ ನಡುವೆ ವಾರಗಟ್ಟಲೆ ಜಟಾಪಟಿ ನಡೆದು ಕೊನೆಗೆ ಒಂದು ಒಪ್ಪಂದವಾಯಿತು. ಮೇ ಇಪ್ಪತ್ತೊಂಬತ್ತಕ್ಕೆ, ಕಾಲಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಪ್ಯೋ ಅವರ ಮುಂದೆ ಪರೀಕ್ಷೆ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು, ಹನ್ನೆರಡು ಸೆಕೆಂಡಿನೊಳಗೆ. ಆಯಿತೆಂದರೆ ಪೇಟೆ, ಆಗದಿದ್ದರೆ ನಮ್ಮ ಮನೆ, ಶಾಶ್ವತವಾಗಿ.

ಆಗ ಅತ್ತೆ ಒಂದು ಸಲ ಏಳುವುದಕ್ಕೇ ಒಂಬತ್ತು ಸೆಕೆಂಡು ತೆಗೆದುಕೊಳ್ಳುತ್ತಿದ್ದರು. 'ಶಾಶ್ವತ' ಎಂಬ ಪದ ನನ್ನ ನಿದ್ದೆಗೆಡಿಸಿತು.

ಪ್ರೊಟೀನ್ ಜಾಸ್ತಿ ಹೋಗಬೇಕು ಎಂದಿದ್ದರು ಡಾಕ್ಟರು. ಆದರೆ ಅತ್ತೆಯ ಕಟ್ಟಿಸಿದ ಹಲ್ಲಿಗೆ ಮಾಂಸ ಆಗದು, ಮೊಟ್ಟೆ ವಾಸನೆ, ಸೋಯಾ ಗಿಣ್ಣು ಕಂಡು ಕಂಡು ಸಾಕಾಗಿದೆ. ನಿವೃತ್ತಿಯ ಉತ್ಸಾಹದಲ್ಲಿ ನಾನು ಹನ್ನೊಂದು ದಿನ ಜಿಮ್ಮಿಗೆ ಹೋಗಿದ್ದ ಕುರುಹಾಗಿ ಅಟ್ಟದ ಮೇಲೆ ಒಂದು ದೊಡ್ಡ ಡಬ್ಬಿ ಪ್ರೊಟೀನ್ ಪುಡಿ ಇತ್ತು. ಅದನ್ನು ನೀರಿನಲ್ಲಿ ಕಲಕಿ ಕೊಟ್ಟೆ. ಅತ್ತೆ ಒಂದು ಗುಟುಕು ಕುಡಿದು, ಗೋಡೆಗೆ ಬಳಿಯುವುದನ್ನು ಮನುಷ್ಯರಿಗೆ ಕುಡಿಸಬಾರದು ಎಂದು ಲೋಟ ಸರಿಸಿದರು. ಬಲವಂತ ಮಾಡಬೇಡಿ, ಬಿಡಿ ಎಂದಳು ಹ್ಯೇರಾನ್, ಫಲಿತಾಂಶ ಮೊದಲೇ ಗೊತ್ತಿರುವವಳ ನೆಮ್ಮದಿಯಲ್ಲಿ.

ಆದರೆ ಅತ್ತೆ ಎಂದೂ ಬೇಡವೆನ್ನದ ಪದಾರ್ಥ ಒಂದಿತ್ತು, ಕಾಫಿ. ಪುಡಿ, ಸಕ್ಕರೆ, ಹಾಲಿಲ್ಲದ ಕ್ರೀಮು ಎಲ್ಲ ಸೇರಿಸಿ ಉದ್ದನೆಯ ಪೊಟ್ಟಣದಲ್ಲಿ ಬರುತ್ತದಲ್ಲ, ಅದು. ದಿನಕ್ಕೆ ಮೂರು ಲೋಟ. ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಅದನ್ನು ಕಲಕುತ್ತಿದ್ದಾಗ ನನಗೆ ಜ್ಞಾನೋದಯವಾಯಿತು.

ಜ್ಞಾನವೇನೋ ಉದಯಿಸಿತು, ಪುಡಿ ಕರಗಲಿಲ್ಲ. ಕುದಿನೀರು ತಾಗಿದ್ದೇ ತಡ ಮೊಟ್ಟೆ ಒಡೆದು ಹಾಕಿದಂತೆ ಗಂಟು ಗಂಟಾಗಿ ತೇಲಿತು. ಕೆಟ್ಟದ್ದನ್ನು ಚೆಲ್ಲಿದರೆ ಸಿಂಕಿನಲ್ಲಿ ಸಾಕ್ಷಿ ಉಳಿಯುತ್ತದೆ, ನಾನೇ ಕುಡಿದೆ. ನಾಲ್ಕು ಲೋಟ ಹೊಟ್ಟೆಗೆ ಇಳಿದ ಮೇಲೆ ಗುಟ್ಟು ಸಿಕ್ಕಿತು. ಮೊದಲು ತಣ್ಣೀರಿನಲ್ಲಿ ಎರಡು ಚಮಚ ಪುಡಿಯನ್ನು ನುಣ್ಣಗೆ ಕದಡಿಕೊಳ್ಳಬೇಕು, ಆಮೇಲೆ ಸ್ವಲ್ಪ ಆರಿದ ಕಾಫಿಯನ್ನು ದಾರದಂತೆ ಸುರಿಯಬೇಕು, ಕೈ ನಿಲ್ಲಿಸಬಾರದು.

ಮರುದಿನ ಹತ್ತು ಗಂಟೆಗೆ ಲೋಟ ಒಯ್ದು ಕೊಟ್ಟೆ. ಅತ್ತೆ ಗುಟುಕರಿಸಿದರು. ಲೋಟ ನೋಡಿದರು. ನನ್ನನ್ನು ನೋಡಿದರು.

"ಕಾಫಿ ಬೇರೆ ಥರ ಇದೆ."

"ಹೊಸ ಕಂಪನಿದು, ಅತ್ತೆ."

ನಿನ್ನೆಯ ಮೀನನ್ನು ಇವತ್ತಿನದು ಎಂದು ಮಾರುವವನನ್ನು ನೋಡುವಷ್ಟು ಹೊತ್ತು ಅವರು ನನ್ನನ್ನು ನೋಡಿದರು. ಆಮೇಲೆ ತಳ ಕಾಣುವವರೆಗೆ ಕುಡಿದು ಲೋಟ ವಾಪಸು ಕೊಟ್ಟರು.

ಅಂದಿನಿಂದ ದಿನವೂ ಎರಡು ಲೋಟ. ಮೂರನೆಯದನ್ನು ಹ್ಯೇರಾನ್ ಮಾಡುತ್ತಿದ್ದಳು, ಅದು ಸಾದಾ. ಅತ್ತೆ ಬಾಲ್ಕನಿಯಲ್ಲಿ ಕಂಬಿ ಹಿಡಿದು ಏಳುವುದು, ಕೂರುವುದು ಶುರುಮಾಡಿದರು. ಮೂರನೇ ವಾರ ಹ್ಯೇರಾನ್ ಏನೋ ಹುಡುಕಲು ಅಟ್ಟಕ್ಕೆ ಕೈಹಾಕಿದವಳು ಡಬ್ಬಿ ಹಗುರಾಗಿರುವುದನ್ನು ಕಂಡುಹಿಡಿದಳು. ಇದನ್ನು ಯಾರು ಕುಡಿಯುತ್ತಿದ್ದಾರೆ ಎಂದು ಕೇಳಿದಾಗ ಬೇರೆ ದಾರಿ ಕಾಣದೆ ನಾನೇ ಎಂದೆ. ಹಾಗಾದರೆ ಕಸರತ್ತು ಎಲ್ಲಿ ಎಂದಳು. ಅಂದಿನಿಂದ ದಿನವೂ ಸಂಜೆ ಟೀವಿಯ ಮುಂದೆ ಇಪ್ಪತ್ತು ದಂಡ ಹೊಡೆಯುವುದು ನನ್ನ ಪಾಲಿಗೆ ಬಂತು. ಎಣಿಸುತ್ತಿದ್ದವರು ಅತ್ತೆ. ಹನ್ನೊಂದು ಎಂಬುದನ್ನು ಎರಡು ಸಲ ಎಣಿಸುತ್ತಿದ್ದರು.

ಪರೀಕ್ಷೆಯ ದಿನ ಬಂತು. ಅಂದು ಬೆಳಗ್ಗೆ ಅತ್ತೆಯ ಹೊಟ್ಟೆ ಡೋಲಿನಂತೆ ಉಬ್ಬಿತ್ತು. ತಿಂಗಳಿಂದ ಅಷ್ಟಿಷ್ಟು ಉಬ್ಬುತ್ತಿತ್ತಂತೆ, ನಾಲ್ಕೈದು ದಿನದಿಂದ ಹೆಚ್ಚಾಗಿದೆಯಂತೆ, ಯಾರಿಗೂ ಹೇಳಿರಲಿಲ್ಲ. ಹ್ಯೇರಾನ್ ರಜೆ ಹಾಕಿ ಜೊತೆಗೆ ಬಂದಳು. ಡಾಕ್ಟರ್ ಪ್ಯೋ ಹೊಟ್ಟೆ ಒತ್ತಿ ನೋಡಿ, ಊಟದಲ್ಲಿ ಏನಾದರೂ ಬದಲಾವಣೆಯಾಗಿದೆಯೇ, ಹಾಲಿನ ಪದಾರ್ಥವೇನಾದರೂ ಹೆಚ್ಚಾಗಿದೆಯೇ ಎಂದು ಕೇಳಿದರು. ಅಮ್ಮ ಹಾಲು ಮುಟ್ಟುವುದೇ ಇಲ್ಲ ಎಂದಳು ಹ್ಯೇರಾನ್. ಹಾಗಾದರೆ ಕಾರಣ ಗೊತ್ತಾಗುವವರೆಗೆ ಮೂರು ದಿನ ಆಸ್ಪತ್ರೆಯಲ್ಲಿಟ್ಟು ನೋಡಬೇಕು, ಇವತ್ತು ಕುರ್ಚಿ ಪರೀಕ್ಷೆ ಬೇಡ ಎಂದರು ಡಾಕ್ಟರು.

ಮೂರು ದಿನವೆಂದರೆ ಮೇ ಮುಗಿಯುತ್ತದೆ, ಜಾಗ ಹೋಗುತ್ತದೆ. ಅತ್ತೆಯ ಕೈ ಮಡಿಲಲ್ಲಿ ಬಿಗಿಯಾಯಿತು. ನನ್ನ ಪುಡಿಯಲ್ಲಿದ್ದದ್ದು ಹಾಲಿನದೇ ಸತ್ವ ಎಂದು ಡಬ್ಬಿಯ ಮೇಲೆ ಮಾರುದ್ದದ ಅಕ್ಷರದಲ್ಲಿ ಬರೆದಿತ್ತು. ಬಾಯಿಬಿಟ್ಟರೆ ಹೆಂಡತಿಯ ಕೈಗೆ ಸಿಕ್ಕಿಬೀಳುತ್ತೇನೆ, ಬಿಡದಿದ್ದರೆ ಅತ್ತೆಯ ಮೂವತ್ತೆಂಟು ವರ್ಷ ನೀರುಪಾಲು. ನಾನು ಎದ್ದು ನಿಂತೆ.

"ಡಾಕ್ಟ್ರೇ, ನಾನು ಅವರ ಕಾಫಿಗೆ ಪ್ರೊಟೀನ್ ಪುಡಿ ಹಾಕ್ತಿದ್ದೆ. ಒಂದು ತಿಂಗಳಿಂದ."

ಡಾಕ್ಟರು ನನ್ನನ್ನು ಬಯ್ದರು. ಮೂತ್ರಪಿಂಡದಲ್ಲಿ ತೊಂದರೆ ಇದ್ದಿದ್ದರೆ ಏನಾಗುತ್ತಿತ್ತು ಗೊತ್ತೇ ಎಂದು ಕೇಳಿದರು. ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಕೂಡಲೇ ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗಿನ ಒಂದು ಗಂಟೆ ನಾವು ಮೂವರೂ ಬೆಂಚಿನ ಮೇಲೆ ಕೂತಿದ್ದೆವು. ಹ್ಯೇರಾನ್ ನನ್ನತ್ತ ತಿರುಗದೆ ಕೇಳಿದಳು.

"ಯಾಕೆ ಹಾಕಿದ್ರಿ?"

ಉತ್ತರ ಕೊಟ್ಟವರು ಅತ್ತೆ. "ನನ್ನನ್ನ ಬೇಗ ಸಾಗಹಾಕೋಕೆ, ಇನ್ಯಾಕೆ? ಮೊದಲ ಗುಟುಕಿಗೇ ಗೊತ್ತಾಯ್ತು ನಂಗೆ. ನಿಮ್ಮ ಮನೇಲಿ ನಾನು ಹೋಗ್ಬೇಕು ಅಂತ ಇದ್ದದ್ದು ಇಬ್ರಿಗೇ ಕಣೇ, ನಂಗೆ ಮತ್ತೆ ಇವರಿಗೆ. ಕೆಡಿಸೋದ್ಯಾಕೆ ಅಂತ ಕುಡ್ದೆ."

ಹ್ಯೇರಾನ್ ಕಣ್ಣು ತುಂಬಿಕೊಂಡಳು. ಅತ್ತೆ ಅವಳ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಒತ್ತಿ ನೋಡು, ಗಟ್ಟಿಯಾಗಿದೆ ಎಂದರು. ಅವಳು ಒತ್ತಿ ನೋಡಿದಳು.

ವರದಿಯಲ್ಲಿ ಎಲ್ಲ ಸರಿಯಿತ್ತು. ಹಾಲು ಜೀರ್ಣವಾಗದೆ ಗಾಳಿ ತುಂಬಿದೆ, ಪುಡಿ ನಿಲ್ಲಿಸಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಕುರ್ಚಿ ಎಳೆದರು. ಅತ್ತೆ ಕೈಗಳನ್ನು ಎದೆಗೆ ಕಟ್ಟಿಕೊಂಡರು. ಒಂದು, ಎರಡು, ಮೂರು. ನಾಲ್ಕನೆಯದರಲ್ಲಿ ಮೇಲೆದ್ದವರು ಒಂದು ಕ್ಷಣ ವಾಲಿದರು. ಹಿಡಿಯಲು ಮುಂದೆ ಬಂದ ಹ್ಯೇರಾನ್ ತನ್ನ ಕೈಯನ್ನು ತಾನೇ ಹಿಂದಕ್ಕೆಳೆದುಕೊಂಡಳು. ಅತ್ತೆ ಕೂತರು, ಐದನೇ ಸಲ ಎದ್ದು ಕೂತರು. ಹನ್ನೊಂದೂವರೆ ಸೆಕೆಂಡು.

ಮೇ ಮೂವತ್ತೊಂದಕ್ಕೆ ಅತ್ತೆ ಪೇಟೆಯಲ್ಲಿದ್ದರು. ನಾನು ಸೋಫಾದ ನಡುವೆ ಕಾಲು ಚಾಚಿ ರಿಮೋಟು ಹಿಡಿದೆ. ಹೆಂಡತಿ ಮಾತು ಬಿಟ್ಟಿದ್ದರಿಂದ ಮನೆ ಇನ್ನೂ ಪ್ರಶಾಂತವಾಗಿತ್ತು. ಆ ಸ್ವರ್ಗಸುಖ ಮೂರು ದಿನ ಬಾಳಿತು. ನಾಲ್ಕನೇ ದಿನ ಅತ್ತೆಯ ಫೋನು.

"ಅಳಿಯಂದ್ರೇ, ಇಲ್ಲಿನ ಕಾಫಿ ಬರೀ ನೀರು. ನಾಳೆಯಿಂದ ಬೆಳಗ್ಗೆ ಆರಕ್ಕೆ ನಿಮ್ಮ ಕಾಫಿ ತನ್ನಿ. ಹಾಲಿನ ಪುಡಿ ಬೇಡ, ಸೋಯಾದ್ದು ಹಾಕಿ, ಡಾಕ್ಟ್ರನ್ನ ಕೇಳಿದೀನಿ."

ಕಾಪಾಡುತ್ತಾಳೇನೋ ಎಂದು ಹ್ಯೇರಾನ್ ಕಡೆ ನೋಡಿದೆ. ಐದು ದಿನಗಳ ನಂತರ ಅವಳು ಮೊದಲ ಸಲ ಮಾತಾಡಿದಳು. "ಬಲ ಬರಿಸಿದ್ದು ನೀವೇ ಅಲ್ವಾ? ಉಳಿಸೋದೂ ನೀವೇ."

ಮೊದಲು ಒಂದು ಲೋಟ ಇತ್ತು. ವಾರದಲ್ಲಿ ಅಕ್ಕಪಕ್ಕದ ಅಂಗಡಿಗಳವರೂ ಸೇರಿ ಏಳಾಯಿತು. ಈಗ ಎರಡು ಫ್ಲಾಸ್ಕು ಹೊರುತ್ತೇನೆ. ಸೀಗಡಿ ಮಾರುವ ಎಂಬತ್ತರ ಅಜ್ಜಿ ಮೊಣಕಾಲು ತಟ್ಟಿಕೊಂಡು, ಬಲ ಇನ್ನೂ ಇಲ್ಲಿಗೆ ಇಳಿದಿಲ್ಲ, ನಾಳೆ ಒಂದು ಚಮಚ ಜಾಸ್ತಿ ಹಾಕು ಎನ್ನುತ್ತಾಳೆ.

ಮೊನ್ನೆ ಲೋಟ ಒಟ್ಟುಮಾಡಿ ಹೊರಡುವಾಗ ಅತ್ತೆ ಮೀನಿನ ಪೆಟ್ಟಿಗೆಯ ಕೆಳಗಿನಿಂದ ಒಂದು ಹೊಸ ರಬ್ಬರ್ ಏಪ್ರನ್ ತೆಗೆದು ಕೈಗಿಟ್ಟರು. ಕಟ್ಟಿಕೊಂಡು ನೋಡಿದೆ. ನನ್ನ ಹೊಟ್ಟೆಯ ಸುತ್ತಳತೆಗೆ ಅಳೆದು ಮಾಡಿಸಿದಂತಿತ್ತು. ಯಾವಾಗ ತಂದಿರಿ ಎಂದು ಕೇಳಿದೆ.

"ಏಪ್ರಿಲ್‌ನಲ್ಲೇ, ನಿಮ್ಮ ಹೊಸ ಕಾಫಿ ಕುಡಿದ ದಿನಾನೇ, ಪಕ್ಕದ ಅಂಗಡಿಯಾಕೆಗೆ ಫೋನ್ ಮಾಡಿ ತರಿಸಿಟ್ಟಿದ್ದೆ," ಎಂದು ಹೇಳಿ ಅತ್ತೆ ಮಂಜುಗಡ್ಡೆಯ ಮೂಟೆಗಳ ಕಡೆ ಕೈ ತೋರಿಸಿದರು.